ಐದು ಹಿತ್ತಾಳೆ ಸ್ಕ್ರೂ

ಈಗಲೂ ಯಾರಾದರೂ ಹಳೆಯ ಕ್ಯಾಸೆಟ್ಟೊಂದನ್ನು ನನ್ನ ಮುಂದೆ ಹಿಡಿದು "ಇದು ಅಸಲೀನಾ ನೋಡಿ" ಎಂದರೆ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಬಂದವರಿಗೆ ಅದು ಜಂಬದ ಹಾಗೆ ಕಾಣುತ್ತದೆ. ಕಾಣಲಿ. ಕೈಗೆ ತೆಗೆದುಕೊಂಡರೆ ನಾನು ಏನಾದರೂ ಹೇಳಿಯೇ ಬಿಡುತ್ತೇನೆ. ಹಾಗೆ ಹೇಳಿದ ಮೇಲೆ ಏನಾಗುತ್ತದೆ ಎಂಬುದನ್ನು ಬಂಗಾರಪೇಟೆಯ ಒಂದು ಲಾರಿ ಶೆಡ್ಡಿನಲ್ಲಿ, ಹಾಡುಹಗಲು, ಮೂರು ಅಡಿ ದೂರದಲ್ಲಿ ನಿಂತು ನೋಡಿದವನು ನಾನು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿಯ ಒಕ್ಕಲು ಮನೆ. ರಾಗಿ ಹೊಲ, ಎರಡು ಸೀಮೆಹಸು. ನಾನು ದಿನಾ ರೈಲು ಹತ್ತಿ ಕೆ.ಜಿ.ಎಫ್‌ನ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮುಗಿಸಿ, ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಕಾಲೇಜಿನಲ್ಲಿ ಅಂಟಿದ ಹುಚ್ಚು ವಿದೇಶಿ ಸಂಗೀತದ ಕ್ಯಾಸೆಟ್ಟುಗಳದು. ಗಣಿಯಲ್ಲಿ ಫೋರ್‌ಮನ್‌ಗಳಾಗಿದ್ದ ಆಂಗ್ಲೋ ಇಂಡಿಯನ್ನರು ಒಬ್ಬೊಬ್ಬರಾಗಿ ಆಸ್ಟ್ರೇಲಿಯಕ್ಕೆ ಹೊರಟು ಹೋಗುತ್ತಿದ್ದರು. ಬಂಗಲೆ ಖಾಲಿ ಮಾಡುವಾಗ ಕುರ್ಚಿ, ಪಿಂಗಾಣಿ, ಸಾಕಿದ ನಾಯಿ, ಕ್ಯಾಸೆಟ್ಟು ಎಲ್ಲವನ್ನೂ ಯಾರಿಗೋ ಕೊಟ್ಟು ಹೋಗುತ್ತಿದ್ದರು. ಅಂಥವು ಕೈಯಿಂದ ಕೈಗೆ ದಾಟಿ ನಮ್ಮಂಥವರನ್ನು ತಲುಪುತ್ತಿದ್ದವು. ಅವುಗಳ ಬೆನ್ನಿಗೇ ನಕಲಿಗಳೂ ಬಂದವು. ಇಲ್ಲಿನ ಖಾಲಿ ಕ್ಯಾಸೆಟ್ಟಿಗೆ ಹಾಡು ಇಳಿಸಿ, ಅಸಲಿಯ ಚೀಟಿ ಅಂಟಿಸಿ, ವಿದೇಶದ್ದು ಎಂದು ದಾಟಿಸುತ್ತಿದ್ದರು.

ನಕಲಿ ಹಿಡಿಯುವುದರಲ್ಲಿ ನನಗೆ ಹೆಸರು ಬಂತು. ಬೆಂಗಳೂರಿನ ಒಂದು ಅಂಗಡಿಯ ಮುದುಕರೊಬ್ಬರು ನನಗೆ ಇದನ್ನು ಕಲಿಸಿದ್ದರು. ವಿದೇಶದಲ್ಲಿ ಹಾಡು ತುಂಬಿಸಿಯೇ ಮಾರುವ ಕ್ಯಾಸೆಟ್ಟಿನ ಎರಡು ಹೋಳುಗಳನ್ನು ಬಿಸಿಯಲ್ಲಿ ಬೆಸೆದಿರುತ್ತಾರೆ, ಸ್ಕ್ರೂ ಇರುವುದಿಲ್ಲ ಎನ್ನುವುದು ಅವರ ಮೊದಲ ಪಾಠ. ಅಂಚಿನಲ್ಲಿ ಉಗುರು ಆಡಿಸಿದರೆ ಬೆಸುಗೆಯ ಗೆರೆ ಎಲ್ಲೂ ತಡೆಯಬಾರದು. ಟೇಪನ್ನು ರೆಕಾರ್ಡರಿನ ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಒಂದೇ ಬಣ್ಣದ್ದಿರಬೇಕು. ಚೀಟಿಯ ಕಾಗದ ಮಡಿಸಿದ ಕಡೆ ಬಿಳಿ ಬಿರುಕು ಬಿಡಬಾರದು. ಇವಿಷ್ಟರ ಮೇಲೆ ನನ್ನದೊಂದು ಸೇರಿಸಿದ್ದೆ: ಪರಿಚಯದ ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗುವುದು. ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ಕು, ತಕ್ಕಡಿ. ನನಗೆ ಹಾಡು ಕೇಳಬೇಕಾದ ಅಗತ್ಯವೇ ಇರಲಿಲ್ಲ. "ಹಾಕ್ದೇನೇ ಹೇಳ್ಬಿಡ್ತಾರೆ ನಮ್ಮ ಮೇಷ್ಟ್ರು" ಎಂದು ಸ್ನೇಹಿತರು ಹೇಳಿಕೊಂಡು ತಿರುಗುತ್ತಿದ್ದರು. ನಾನು ಅದನ್ನು ತಡೆಯಲಿಲ್ಲ. ಎದುರಿಗಿದ್ದವನ ಮುಖ ಇಳಿಯುವುದನ್ನು ನೋಡುವುದರಲ್ಲಿ ನನಗೊಂದು ಕೆಟ್ಟ ಸಂತೋಷವಿತ್ತು. ಅದನ್ನೂ ಇಲ್ಲಿ ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ಗೇಟು ದಾಟುವಾಗ ಲಾರಿ ಓನರಿನ ಜೀಪು ನಿಂತಿತ್ತು. ಈ ಓನರನ್ನು ಪೇಟೆಯಲ್ಲಿ ತಿಳಿಯದವರಿಲ್ಲ. ಏಳೆಂಟು ಲಾರಿ, ದೊಡ್ಡ ಗಂಟಲು. ಆತನಿಗೆ ಇಂಗ್ಲಿಷ್ ಬಾರದು, ಆ ಸಂಗೀತವೂ ಸೇರದು; ಆದರೆ ಮನೆಯ ಗಾಜಿನ ಬೀರುವಿನಲ್ಲಿ ವಿದೇಶಿ ಕ್ಯಾಸೆಟ್ಟುಗಳ ಸಾಲು ಇರಬೇಕು. ಬಂದವರಿಗೆ ತೋರಿಸಬೇಕು. ನಾಲ್ಕಾರು ಸಲ ನಾನೇ ಅವುಗಳನ್ನು ನೋಡಿ ಹೇಳಿದ್ದೆ.

ಹತ್ತಿ ಕೂತೆ. ಜೀಪು ಓನರಿನ ಮನೆಗೆ ಹೋಗಲಿಲ್ಲ. ರೈಲ್ವೆ ಗೇಟಿನ ಆಚೆಗಿದ್ದ ಶೆಡ್ಡಿಗೆ ಹೋಯಿತು. ಒಳಗೆ ಚಕ್ರ ಬಿಚ್ಚಿದ ಲಾರಿಯೊಂದು ಕಲ್ಲುಗಳ ಮೇಲೆ ನಿಂತಿತ್ತು. ಗೋಡೆಗೆ ಒತ್ತಿದಂತೆ ಮರದ ಬೆಂಚು, ಅದರ ತುದಿಗೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸು. ಬೆಂಚಿನ ಮೇಲೆ ಟವೆಲ್ ಹಾಸಿ ಹನ್ನೆರಡು ಕ್ಯಾಸೆಟ್ಟುಗಳನ್ನು ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಕರ್ಚೀಫನ್ನು ಬಾಯಿಗೆ ಒತ್ತಿ ಕೆಮ್ಮುತ್ತ ನಿಂತಿದ್ದ. ಕೆ.ಜಿ.ಎಫ್‌ನ ಕೋರಮಂಡಲ್‌ನವನು, ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರು. ಅವನ ಮೇಲಿನ ಫೋರ್‌ಮನ್ ದೊರೆ ಊರು ಬಿಡುವಾಗ ಈ ಹನ್ನೆರಡನ್ನೂ ಅವನಿಗೆ ಕೊಟ್ಟು ಹೋಗಿದ್ದನಂತೆ. ಎಂಟು ವರ್ಷ ಇಟ್ಟುಕೊಂಡಿದ್ದವನು ಒಂದು ತಿಂಗಳ ಹಿಂದೆ ಅವನ್ನು ಓನರಿಗೆ ಕೊಟ್ಟು, ಬದಲಿಗೆ ಓನರಿನ ಹಳೆಯ ಮೋಟಾರ್ ಬೈಕು ತೆಗೆದುಕೊಂಡಿದ್ದ. ಗಣಿ ಧೂಳು ಶ್ವಾಸಕೋಶಕ್ಕೆ ಇಳಿದು, ಕ್ವಾರ್ಟರ್ಸಿನಿಂದ ವರ್ಕ್‌ಶಾಪಿನ ಏರು ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ಅವನಿಂದ ಕಿತ್ತುಕೊಂಡ ಆ ಬೈಕಿನ ಕೀ ಈಗ ಓನರಿನ ಬೆರಳಲ್ಲಿ ತಿರುಗುತ್ತಿತ್ತು.

"ಬನ್ನಿ ಮೇಷ್ಟ್ರೇ, ಕುಂತ್ಕಳಿ," ಎಂದ ಓನರ್. "ನಿನ್ನೆ ಬೆಂಗಳೂರಿಂದ ನಮ್ ಬೀಗರು ಬಂದಿದ್ರು. ಇವನ್ನ ನೋಡಿ ನಕ್ಬುಟ್ರು. ಇದ್ರಲ್ಲಿ ಸ್ಕ್ರೂ ಐತೆ, ಯಾರೋ ನಿಂಗೆ ಟೋಪಿ ಆಕವ್ರೆ ಅಂದ್ರು. ನನ್ ಮನೇಲಿ, ನನ್ ಎಂಡ್ರ ಮುಂದೆ. ನೀವು ನೋಡಿ ಒಂದ್ ಮಾತು ಏಳ್ಬುಡಿ. ಆಮೇಲೆ ನಾನುಂಟು, ಇವ್ನುಂಟು."

ಫಿಟ್ಟರ್ ನನ್ನ ಕಡೆ ನೋಡಿ ನಕ್ಕ. ಓದಿದವರು ಬಂದರಲ್ಲ, ಇನ್ನು ಭಯವಿಲ್ಲ ಎನ್ನುವ ಥರದ ನಗು. ಆ ನಗುವನ್ನು ನಾನು ಆಗ ವಂಚಕನ ನಗು ಎಂದುಕೊಂಡೆ.

ಮೊದಲನೆಯದನ್ನು ಎತ್ತಿಕೊಂಡೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಐದು ಹಿತ್ತಾಳೆ ಸ್ಕ್ರೂ. ಅಂಚಿನಲ್ಲಿ ಉಗುರು ಆಡಿಸಿದೆ. ಅರದಿಂದ ಉಜ್ಜಿದ ಹಾಗೆ ತರಿತರಿಯಾಗಿತ್ತು. ಭೂತಗನ್ನಡಿ ಹಿಡಿದು ಮೆತ್ತೆಯನ್ನು ನೋಡಿದೆ: ಯಾವುದೋ ಕಂಬಳಿಯ ಚೂರು. ಚೀಟಿ ಮಾತ್ರ ಅಸಲಿ. ಎರಡನೆಯದು, ಮೂರನೆಯದು, ಎಲ್ಲವೂ ಹಾಗೆಯೇ. ತೂಗಿ ನೋಡುವ ಅಗತ್ಯವೂ ಕಾಣಲಿಲ್ಲ. ಬೆಂಚಿನ ಆ ಬದಿಯಲ್ಲಿ ಶೆಡ್ಡಿನ ಮೆಕ್ಯಾನಿಕ್ ನಿಂತು ಗ್ರೀಸ್ ಒರೆಸಿಕೊಳ್ಳುತ್ತ ನನ್ನ ಕೈಯನ್ನೇ ನೋಡುತ್ತಿದ್ದ. ಬಾಗಿಲಲ್ಲಿ ಇಬ್ಬರು ಡ್ರೈವರುಗಳು ಕೂತಿದ್ದರು. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಅದು ನನಗೆ ಹಿತವಾಗಿತ್ತು.

"ಹೇಳಿ ಮೇಷ್ಟ್ರೇ," ಎಂದ ಓನರ್.

"ಲೋಕಲ್," ಎಂದೆ. "ಹನ್ನೆರಡೂ ಲೋಕಲ್. ಅಸಲಿ ಚೀಟಿ ತಂದು ಮೇಲೆ ಅಂಟಿಸಿದ್ದಾರೆ, ಅಷ್ಟೇ. ವಿದೇಶದ್ದಕ್ಕೆ ಸ್ಕ್ರೂ ಇರುವುದಿಲ್ಲ."

ಫಿಟ್ಟರ್ ಒಂದು ಹೆಜ್ಜೆ ಮುಂದೆ ಬಂದ. "ಸಾರ್, ಸಾರ್, ಆ ಸ್ಕ್ರೂ ನಾನೇ ಸಾರ್ ಆಕಿದ್ದು. ನನ್ ಕೈಯಾರ ನಾನೇ ಆಕಿದ್ದು."

ಅವನು ಅದನ್ನು ಹೆಮ್ಮೆಯಿಂದ ಹೇಳಿದ. ಈಗ ನೆನೆದರೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಆಗ ನಾನು ಓನರಿನ ಕಡೆ ತಿರುಗಿ, ತರಗತಿಯಲ್ಲಿ ಉತ್ತರ ಸಿಕ್ಕಿದ ಮೇಷ್ಟ್ರ ಹಾಗೆ ಅಂಗೈ ಚಾಚಿ, "ನೋಡಿ, ಅವರೇ ಒಪ್ಪಿಕೊಂಡರು," ಎಂದೆ.

ಅಲ್ಲಿಂದ ಮುಂದಿನದು ಬಹಳ ಬೇಗ ನಡೆಯಿತು. ಓನರ್ ಕೂಗಲಿಲ್ಲ. ಡ್ರೈವರುಗಳ ಕಡೆ ನೋಡಿ ಗದ್ದ ಎತ್ತಿದ. ಒಬ್ಬ ಶೆಡ್ಡಿನ ಬಾಗಿಲು ಎಳೆದ. ಇನ್ನೊಬ್ಬ ಫಿಟ್ಟರನ್ನು ಹಿಂದಿನಿಂದ ತಬ್ಬಿ ಹಿಡಿದ. "ಏನ್ಲಾ, ಸ್ಕ್ರೂ ಆಕೋ ಕೈ ಯಾವ್ದ್ಲಾ? ಎಡ್ಗೈಯಾ, ಬಲ್ಗೈಯಾ?" ಎಂದು ಓನರ್ ಕೇಳಿದ. ಫಿಟ್ಟರ್ ತಮಿಳಿಗೆ ಹೊರಳಿ ಏನೇನೋ ಹೇಳತೊಡಗಿದ. ಅವನ ಎಡಗೈಯ ಬೆರಳುಗಳನ್ನು ವೈಸಿನ ಹಲ್ಲುಗಳ ನಡುವೆ ಇಟ್ಟರು. ಓನರ್ ಮೆಕ್ಯಾನಿಕ್ಕಿಗೆ "ತಿರುಗ್ಸು" ಎಂದ. ಮೆಕ್ಯಾನಿಕ್ ಹಿಡಿ ತಿರುಗಿಸಿದ. ಕೆಲಸಗಾರ ಯಾವುದೇ ಕಬ್ಬಿಣದ ತುಂಡಿಗೆ ತಿರುಗಿಸುವ ಹಾಗೆ, ಅಷ್ಟೇ ಜೋರು, ಅಷ್ಟೇ ನಿಧಾನ.

ನಾನು "ಬೇಡ" ಎಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲ. ನಾನು ಅಂದದ್ದು, "ಓನರ್ರೇ, ಪೊಲೀಸಿಗೆ ಕೊಡೋದು ಒಳ್ಳೇದು." ಅಂದರೆ ನನ್ನ ತೀರ್ಪು ಸರಿ, ಶಿಕ್ಷೆ ಮಾತ್ರ ಬೇರೆಯವರು ಕೊಡಲಿ ಎಂದು.

"ಪೊಲೀಸ್ರು ಸಂಗೀತ ಕೇಳ್ತಾರಾ ಮೇಷ್ಟ್ರೇ?" ಎಂದು ಓನರ್ ನಕ್ಕ. ಡ್ರೈವರುಗಳೂ ನಕ್ಕರು.

ಹಿಡಿ ಇನ್ನೊಂದು ಸುತ್ತು ತಿರುಗಿತು. ಫಿಟ್ಟರ್ ಕಿರುಚಿದ. ಕಿರುಚಾಟದ ನಡುವೆ ಕೆಮ್ಮು ಬಂದು ಉಸಿರು ಕಟ್ಟಿತು. ಅದರ ಮಧ್ಯೆಯೇ ಅವನು ಓನರನ್ನು ಬಿಟ್ಟು ನನ್ನನ್ನು ನೋಡಿ ಕೂಗಿದ:

"ಡಂಪ್ ಮಣ್ಣು ಸಾರ್! ಸಯನೈಡ್ ಡಂಪ್! ಆಡಿ ತಿಂಗ್ಳ ಗಾಳೀಲಿ ಮನೇ ಒಳ್ಗೆಲ್ಲಾ ಬರ್ತದೆ ಸಾರ್! ಒರೆಸ್ದೆ ಓದ್ರೆ ಟೇಪ್ನ ತಿಂದಾಕ್ತದೆ! ವರ್ಷಾ ವರ್ಷಾ ಬಿಚ್ಚಿ ಒರೆಸ್ಬೇಕು ಸಾರ್, ಅದಕ್ಕೇ ಬ್ಲೇಡಲ್ಲಿ ಕುಯ್ದು ಸ್ಕ್ರೂ ಆಕಿದ್ದು! ಉಳ್ಳೆ ಇರ್ಕು ಸಾರ್, ಒಳ್ಗಡೆ ಮಣ್ಣು, ನೋಡಿ ಸಾರ್!"

ಚಿನ್ನ ತೆಗೆದು ಉಳಿದ ಹಿಟ್ಟಿನಂಥ ಬೂದು ಮಣ್ಣನ್ನು ಗುಡ್ಡಗುಡ್ಡವಾಗಿ ಸುರಿದ ದಿಬ್ಬಗಳ ನೆರಳಲ್ಲೇ ನಾನು ಕಾಲೇಜು ಓದಿದ್ದೆ. ಆಷಾಢದ ಗಾಳಿಗೆ ಆ ಮಣ್ಣು ಎದ್ದು, ಮುಚ್ಚಿದ ಕಿಟಕಿಯ ಒಳಗೂ ಬಂದು ಕೂರುತ್ತಿತ್ತು. ಲ್ಯಾಬಿನ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯನ್ನೂ ಆ ತಿಂಗಳು ದಿನಾ ಬಿಚ್ಚಿ ಒರೆಸಬೇಕಾಗಿತ್ತು, ಒರೆಸುತ್ತಿದ್ದವನು ನಾನೇ. ಸಂಜೆ ರೈಲು ಹತ್ತಿ ಬಂಗಾರಪೇಟೆಗೆ ಇಳಿದರೆ ಅದು ಇರುತ್ತಿರಲಿಲ್ಲ, ಹಾಗಾಗಿ ಮರೆತುಬಿಡುತ್ತಿದ್ದೆ. ಬೆಂಗಳೂರಿನ ಮುದುಕರ ಪಾಠದಲ್ಲಿ ಅಂಥ ಮಣ್ಣು ಇರಲಿಲ್ಲ. ಅವರಿಗೆ ಕ್ಯಾಸೆಟ್ಟು ಎಂದರೆ ಬೀರುವಿನಲ್ಲಿ ಇಡುವ ವಸ್ತು. ಇವನು ಎಂಟು ವರ್ಷ ಅದೇ ಧೂಳಿನ ಮನೆಯಲ್ಲಿ ಅವನ್ನು ಹಾಕಿ ಕೇಳಿದ್ದ.

"ನಿಲ್ಲಿಸಿ," ಎಂದೆ. "ಒಂದು ನಿಮಿಷ. ಹಾಕಿ ನೋಡಬೇಕು."

"ನೀವು ಆಕ್ದೇನೇ ಏಳೋರಲ್ವಾ?" ಎಂದ ಓನರ್.

ಶೆಡ್ಡಿನ ಮೂಲೆಯ ಮೇಜಿನ ಮೇಲೆ ದೊಡ್ಡ ಟೇಪ್ ರೆಕಾರ್ಡರ್ ಇತ್ತು. ಓಡಿದೆ. ನನಗೆ ಗೊತ್ತಿದ್ದೂ, ತಡವಾಗುತ್ತದೆಂದು ಎಂದೂ ಮಾಡದ ಪರೀಕ್ಷೆಯೊಂದಿತ್ತು. ವಿದೇಶದ ಅಸಲಿಯಲ್ಲಿ ಹಾಡು ಎಷ್ಟಿದೆಯೋ ಅಷ್ಟಕ್ಕೇ ಟೇಪನ್ನು ಕತ್ತರಿಸಿರುತ್ತಾರೆ. ಹಾಡು ಮುಗಿಯುತ್ತಲೇ ಟೇಪೂ ಮುಗಿಯುತ್ತದೆ. ಇಲ್ಲಿ ನಕಲು ಇಳಿಸುವವರು ಒಂದು ಗಂಟೆಯ ಸಿದ್ಧ ಕ್ಯಾಸೆಟ್ಟು ಬಳಸುತ್ತಿದ್ದರು. ಹಾಡು ಮುಗಿದ ಮೇಲೆ ಹತ್ತು ನಿಮಿಷ ಖಾಲಿ ಸುಯ್ಯೆನ್ನುತ್ತದೆ. ಒಂದನ್ನು ಹಾಕಿ ಕೊನೆಯವರೆಗೆ ಓಡಿಸಿದೆ. ಆ ಓಟದ ಗಿರ್ರೆನ್ನುವ ಸದ್ದು, ಫಿಟ್ಟರಿನ ಏದುಸಿರು, ಬೇರೇನೂ ಇಲ್ಲ. ಚೂರು ಹಿಂದಕ್ಕೆ ಸುತ್ತಿ ಒತ್ತಿದೆ. ಹೆಂಗಸೊಬ್ಬಳ ದನಿ, ಹಿಂದೆ ತುತ್ತೂರಿಯಂಥ ವಾದ್ಯ. ಹಾಡು ಮುಗಿಯಿತು, ನಾಲ್ಕೈದು ಉಸಿರಿನಷ್ಟು ಹೊತ್ತಿನಲ್ಲಿ ಟೇಪೂ ಟಕ್ಕೆಂದು ನಿಂತಿತು. ಇನ್ನೊಂದು ಹಾಕಿದೆ. ಟಕ್. ಮತ್ತೊಂದು. ಟಕ್. ಮೂರನೆಯದನ್ನು ತೆಗೆದು ಅಂಗೈ ಮೇಲೆ ತಟ್ಟಿದೆ. ನಡುವಿನ ತೂತಿನಿಂದ ಬೂದು ಪುಡಿ ನನ್ನ ಅಂಗೈ ಗೆರೆಗೆ ಉದುರಿತು.

"ತಪ್ಪು ಹೇಳಿದೆ," ಎಂದೆ. "ಇವು ಅಸಲಿ. ಕೈ ಬಿಡಿಸಿ."

ಯಾರೂ ಕದಲಲಿಲ್ಲ. ಓನರ್ ನನ್ನ ಹತ್ತಿರ ಬಂದು ನನ್ನ ಕಾಲರನ್ನು ಎರಡು ಬೆರಳಲ್ಲಿ ಹಿಡಿದ. ಬಾಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. "ಆಗ ಲೋಕಲ್ಲು, ಈಗ ಅಸಲಿ. ಕೂಗಿದ್ರೆ ಅಸಲಿ ಆಗೋಯ್ತದಾ? ನನ್ನ ಏನಂದ್ಕಂಡಿದೀಯಾ ಮೇಷ್ಟ್ರೇ? ನೀನೂ ಇವ್ನೂ ಒಂದೇ ರೈಲಲ್ಲಿ ಓಡಾಡೋರು ತಾನೇ? ಮೊದ್ಲೇ ಮಾತಾಡ್ಕಂಡು ಬಂದ್ರಾ?" ಅದುವರೆಗಿನ 'ನೀವು' ಹೋಗಿ 'ನೀನು' ಬಂದಿತ್ತು. ಕಾಲರ್ ಹಿಡಿದೇ ನನ್ನನ್ನು ಬೆಂಚಿನ ತನಕ ನಡೆಸಿದ. "ವೈಸಲ್ಲಿ ಇನ್ನೂ ಜಾಗ ಐತೆ ನೋಡು."

ನಾನು ಟೇಪಿನ ಉದ್ದ, ಖಾಲಿ ಜಾಗ, ಗಾಳಿ, ಮಣ್ಣು ಎಂದು ತೊದಲಿದೆ. ಯಾವುದೂ ಅವನ ಕಿವಿಗೆ ಇಳಿಯಲಿಲ್ಲ. ಅಂಗೈಯ ಪುಡಿ ತೋರಿಸಿದೆ. ಉಫ್ ಎಂದು ಊದಿಬಿಟ್ಟ. ನಂತರ, ನನ್ನನ್ನು ಇನ್ನಷ್ಟು ಹೀಯಾಳಿಸಲೆಂದೇ ಇರಬೇಕು, ಮೆಕ್ಯಾನಿಕ್ಕಿನ ಕಡೆ ತಿರುಗಿದ. "ನೀನೂ ಕೆ.ಜಿ.ಎಫ್ ಕಡೆಯೋನೇ ಅಲ್ವೇನ್ಲಾ, ಮೈಸೂರು ಮೈನ್ಸು? ಏಳು. ಇಂಗೆ ಯಾರಾದ್ರೂ ಕ್ಯಾಸೆಟ್ಟು ಕುಯ್ದು ಸ್ಕ್ರೂ ಆಕ್ತಾರಾ?"

ಮೆಕ್ಯಾನಿಕ್ ಹಿಡಿಯ ಮೇಲಿನ ಕೈ ತೆಗೆಯದೆಯೇ ಹೇಳಿದ: "ಆಕ್ತಾರೆ ಓನರ್ರೇ. ನಮ್ಮನೇಲೂ ಆಕಿದೀವಿ. ಗಡಿಯಾರಾನೂ ಬಿಚ್ತೀವಿ, ರೇಡಿಯೋನೂ ಬಿಚ್ತೀವಿ. ಬಿಚ್ದೆ ಓದ್ರೆ ಅಲ್ಲಿ ಯಾವ್ದೂ ನಡೆಯಲ್ಲ."

ಓನರಿನ ಬೆರಳು ನನ್ನ ಕಾಲರಿನಲ್ಲಿ ಸಡಿಲವಾಯಿತು. "ಮತ್ತೆ ಮೊದ್ಲೇ ಯಾಕ್ಲಾ ಬೊಗಳಲಿಲ್ಲ?"

"ಮೇಷ್ಟ್ರು ಓದಿದೋರು. ಅವ್ರು ಏಳಿದ್ಮೇಲೆ ಮಧ್ಯದಲ್ಲಿ ನಂದೇನು? ನೀವು ತಿರುಗ್ಸು ಅಂದ್ರಿ, ತಿರುಗ್ಸಿದೆ."

ಇಷ್ಟು ಹೇಳಿ ಅವನು ಹಿಡಿಯನ್ನು ಹಿಂದಕ್ಕೆ ತಿರುಗಿಸಿದ. ಯಾರ ಅಪ್ಪಣೆಗೂ ಕಾಯಲಿಲ್ಲ. ಫಿಟ್ಟರ್ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನೆಲಕ್ಕೆ ಕುಸಿದ. ನಡುಬೆರಳು, ಉಂಗುರದ ಬೆರಳು ಎರಡೂ ಅಡ್ಡಾದಿಡ್ಡಿಯಾಗಿ ಬಾಗಿದ್ದವು. ಉಗುರುಗಳು ಕಪ್ಪಾಗಿದ್ದವು.

ಓನರಿನ ಮುಖದಲ್ಲಿ ಬಂದ ಬದಲಾವಣೆಯನ್ನು ಹೇಗೆ ಬರೆಯಬೇಕೋ ತಿಳಿಯದು. ಅವನು ಖುಷಿಯಾಗಿದ್ದ. ಹನ್ನೆರಡೂ ಅಸಲಿ! ಬೀಗರಿಗೆ ಈಗ ಉತ್ತರ ಕೊಡಬಹುದು. ಟೀ ತರಿಸಿದ. ನನ್ನ ಕಾಲರನ್ನು ಸರಿಮಾಡಿದ. "ತಲೆ ಬಿಸೀಲಿ ಏನೋ ಅಂದ್ಬುಟ್ಟೆ, ಮನಸ್ಸಿಗೆ ಆಕ್ಕಬೇಡಿ ಮೇಷ್ಟ್ರೇ," ಎಂದ. ಮತ್ತೆ 'ನೀವು' ಬಂದಿತ್ತು. ನಾನು ಆ ಟೀ ಕುಡಿದೆ. ಕೊನೆಯವರೆಗೆ ಕುಡಿದೆ; ಕುಡಿಯದೆ ಇಟ್ಟರೆ ಏನಾಗುತ್ತದೋ ಎಂಬ ಹೆದರಿಕೆ. ಫಿಟ್ಟರ್ ಮುಟ್ಟಲಿಲ್ಲ. ಎದ್ದು ನಿಂತು ಬಲಗೈ ಚಾಚಿ, "ಗಾಡಿ ಕೀ," ಎಂದ.

"ಕ್ಲಚ್ ಇಡಿಯೋಕೆ ಕೈ ಬೇಕಲ್ಲಯ್ಯಾ," ಎಂದ ಓನರ್, ಕೀಯನ್ನು ಜೇಬಿಗೆ ಇಳಿಸುತ್ತ. "ವಾಸಿಯಾಗ್ಲಿ. ಬಂದು ತಗಂಡೋಗು. ಇಲ್ಲೇ ಇರ್ತದೆ."

ಮೆಕ್ಯಾನಿಕ್ ಬಾಗಿಲು ತೆರೆದ. ಹೊರಗೆ ಬಿಸಿಲು ಕಣ್ಣು ಕುಕ್ಕಿತು. ರೈಲ್ವೆ ಗೇಟಿನಲ್ಲಿ ಜನ ಸೈಕಲ್ ಹಿಡಿದು ನಿಂತು ಏನೋ ಹರಟುತ್ತಿದ್ದರು. ಫಿಟ್ಟರ್ ಸ್ಟೇಷನ್ನಿನ ಕಡೆ ನಡೆದ. ನಾನು ಹಿಂದೆಯೇ ನಡೆದೆ. ಅವನು ಹತ್ತು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತಿದ್ದ. ಅವನು ನಿಂತಾಗ ನಾನೂ ನಿಲ್ಲುತ್ತಿದ್ದೆ. ಗಣಿಗಳ ಕಡೆ ಹೋಗುವ ಮಾರಿಕುಪ್ಪಂ ಗಾಡಿ ಪ್ಲಾಟ್‌ಫಾರಂನಲ್ಲಿ ನಿಂತಿತ್ತು. ಎರಡು ಟಿಕೆಟ್ ತೆಗೆದುಕೊಂಡು ಹೋಗಿ ಅವನ ಎದುರಿನ ಬೆಂಚಿನಲ್ಲಿ ಕೂತೆ. ಅವನು ಕರ್ಚೀಫನ್ನು ಬೆರಳಿಗೆ ಸುತ್ತಿಕೊಳ್ಳಲು ಹೆಣಗುತ್ತಿದ್ದ. ಸಹಾಯಕ್ಕೆ ಕೈ ಚಾಚಿದೆ. ಅವನು ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಆಸ್ಪತ್ರೆಗೆ ನಾನೂ ಬರುತ್ತೇನೆ," ಎಂದೆ. "ಡಾಕ್ಟರಿಗೆ ನಾನೇ ಎಲ್ಲ ಹೇಳುತ್ತೇನೆ."

"ಏನಂತ ಏಳ್ತೀರಿ?"

ಓನರಿನ ಹೆಸರು ಹೇಳಿದರೆ ಸೋಮವಾರ ಶಾಲೆಯ ಗೇಟಿನಲ್ಲಿ ಜೀಪು ನಿಂತಿರುತ್ತದೆ ಎಂಬುದು ನನ್ನ ಮನಸ್ಸಿಗೆ ಆಗಲೇ ಬಂದುಬಿಟ್ಟಿತ್ತು. ನನ್ನ ಮುಖದಲ್ಲಿ ಅದು ಕಂಡಿರಬೇಕು.

"ನಾನು ವರ್ಕ್‌ಶಾಪಲ್ಲಿ ಕೈ ಸಿಕ್ಕಾಕ್ಕಂತು ಅಂತ ಏಳ್ತೀನಿ," ಎಂದ. "ಅಂಗಾದ್ರೆ ರಜಾ ಆದ್ರೂ ಕೊಡ್ತಾರೆ. ನೀವು ಪಕ್ಕದಲ್ಲಿ ನಿಂತ್ಕಂಡ್ರೆ, ಇವರ್ಯಾರು ಅಂತ ಕೇಳ್ತಾರೆ. ಯಾರು ಅಂತ ಏಳ್ಲಿ?"

ಎಂಜಿನ್ ಕೂಗಿತು.

"ಒಂದು ಹಾಡು ಕೇಳಿದ್ರೆ ಸಾಕಾಗಿತ್ತು ಸಾರ್," ಎಂದ. ಅದರಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಕೆಲಸ ಕೆಡಿಸಿದ ಹೊಸಬನಿಗೆ ಹಳೆಯ ಕೆಲಸಗಾರ ಹೇಳುವ ದನಿ. "ಇಳೀರಿ. ಗಾಡಿ ಹೊರಡ್ತದೆ."

ನಾನು ಇಳಿದೆ. ಗಾಡಿ ಕದಲಿತು. ಅವನು ಕರ್ಚೀಫಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬಲಗೈಯಲ್ಲಿ ಎಳೆದು ಗಂಟು ಹಾಕಿಕೊಳ್ಳುತ್ತಿದ್ದ, ಕಿಟಕಿಯಾಚೆ ನೋಡಲಿಲ್ಲ. ಅವನ ಟಿಕೆಟ್ಟೂ ನನ್ನ ಕೈಯಲ್ಲೇ ಉಳಿದಿತ್ತು. ಅದು ನನ್ನ ಗಮನಕ್ಕೆ ಬರುವ ಹೊತ್ತಿಗೆ ಕೊನೆಯ ಡಬ್ಬಿ ಗೇಟು ದಾಟಿತ್ತು.